ನೆಟ್ಟಗಾದ ಹಾಳೆಗಳು

ಜೂನ್ 3, ಸೋಮವಾರ

ಬೆಳಗ್ಗೆ ಸೊಂಟಕ್ಕೆ ಎಣ್ಣೆ. ಆಮೇಲೆ ಬೆಲ್ಟು. ಬೆಲ್ಟು ಬಿಗಿದು ನಿಂತರೆ ಕನ್ನಡಿಯಲ್ಲಿ ಪೈಲ್ವಾನ, ಕೂತರೆ ಬಾಣಂತಿ. ಮನೆ ಶಿಫ್ಟಿಂಗ್ ಲಾರಿಯಲ್ಲಿ ಊರವರ ಬೀರು, ಫ್ರಿಜ್ಜು, ಮಂಚ ಎಲ್ಲ ಹೊತ್ತೆ. ಸೊಂಟ ಹಿಡಿದದ್ದು ಯಾರದೋ ಟೀಪಾಯಿ ಎತ್ತುವಾಗ. ಹೊರಗೆ ಹೇಳಿಕೊಳ್ಳೋ ಹಾಗಿಲ್ಲ.

ಅಕ್ಕನ ಮನೆಗೆ ಬಂದು ಬೀಡುಬಿಟ್ಟದ್ದು ಸೊಂಟಕ್ಕೆ ರೆಸ್ಟು ಅಂತ. ಈಗ ಅಕ್ಕನಿಗೆ ನಾನು ಬೇಕು, ಸೊಂಟ ನೆಪ.

ಮುಂದಿನ ಕೋಣೆ ಅಕ್ಕನ ಆಫೀಸು. ಮೇಜಿನ ಮೇಲೆ, ಕಿಟಕಿ ಕಟ್ಟೆ ಮೇಲೆ, ಕುರ್ಚಿ ಕೆಳಗೆ, ಗೋಡೆ ಉದ್ದಕ್ಕೂ ಕೇಸಿನ ಕಟ್ಟುಗಳು. ಕಾಲಿಡಬೇಕಾದರೆ ಬೆಕ್ಕಿನ ಹಾಗೆ ಇಡಬೇಕು.

ಇವತ್ತು ಬಡಗಿ ಬಂದಿದ್ದ. ಅವನ ವರ್ಕ್‌ಶಾಪ್ ಖಾಲಿ ಮಾಡಿಸಬೇಕು ಅಂತ ಜಾಗದ ಮಾಲೀಕ ಕೇಸು ಹಾಕಿದ್ದಾನೆ. ಅಕ್ಕ ಬಡಗಿ ಪರ ವಕೀಲೆ. ಅವನ ಮುಖ ನೋಡಿದಳು. ಹೆಸರು ಬರಲಿಲ್ಲ. ನನಗೆ ಗೊತ್ತಾಯಿತು, ಅವನಿಗೆ ಗೊತ್ತಾಗಲಿಲ್ಲ. "ಬನ್ನಿ, ಬನ್ನಿ, ಕೂತ್ಕೊಳ್ಳಿ" ಅಂದಳು. ಕೈ ತಾನಾಗೇ ಕಿಟಕಿ ಕಡೆ ಹೋಯಿತು. ಮೂರನೇ ಕಟ್ಟು ಎಳೆದಳು. ಕಟ್ಟು ಕೈಗೆ ಬಂದದ್ದೇ ತಡ, ಅವನ ಅಪ್ಪ ಯಾವಾಗ ಅಂಗಡಿ ಹಾಕಿದ, ಮಾಲೀಕನ ಬಾಯಿಗೆ ಎಲ್ಲಿ ಬೀಗ ಬೀಳುತ್ತೆ, ಎಲ್ಲ ಗಡಗಡ ಹೇಳಿದಳು.

ಬಡಗಿ ಹೋಗುವಾಗ ನನ್ನ ಹತ್ತಿರ, "ಮೇಡಂ ಇರೋವರೆಗೂ ನಾನು ನಿದ್ದೆ ಮಾಡ್ತೀನಿ ಅಣ್ಣ" ಅಂದ.

ನನಗೆ ಮಾತ್ರ...


ಜೂನ್ 5, ಬುಧವಾರ, ಸಂಜೆ

ಡಾಕ್ಟರ ಹತ್ತಿರ ಹೋಗಿದ್ದೆವು. ಹೊಸದೇನೂ ಇಲ್ಲ. ಮರೆವಿನ ಕಾಯಿಲೆ, ಮೆಲ್ಲಗೆ ಏರುತ್ತೆ, ಇಳಿಯಲ್ಲ. ಹೆಸರುಗಳು ಮೊದಲು ಹೋಗುತ್ತವಂತೆ. ಕೆಲಸ ಮಾಡೋಕೆ ಆಗುವಷ್ಟು ದಿನ ಮಾಡಲಿ, ಬಿಡಿಸಬೇಡಿ ಅಂದರು.

ಅಕ್ಕ ಕೇಳಿದಳು, "ಗೊತ್ತಾಗುತ್ತಾ ಡಾಕ್ಟ್ರೇ, ಹೋಗ್ತಿರೋದು?"

"ಸ್ವಲ್ಪ ದಿನ ಗೊತ್ತಾಗುತ್ತೆ."

"ಆಮೇಲೆ?"

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಹಾಕಿದರು.

ಆಟೋದಲ್ಲಿ ನಾನು, "ಅಕ್ಕ, ನೀನು ಮರೀತಾ ಹೋದ್ರೆ ನಾನು ನಿಂಗೆ ಹಳೇ ಜೋಕೇ ಹೇಳ್ಬಹುದು, ದಿನಾ ಹೊಸದು" ಅಂದೆ. ನಕ್ಕಳು. "ಈಗ್ಲೂ ಹಳೇದೇ ಹೇಳ್ತಿದೀಯಲ್ಲೋ" ಅಂದಳು. ಮನೆ ಬರುವವರೆಗೆ ನನ್ನ ಮೊಣಕೈ ಹಿಡಿದುಕೊಂಡೇ ಇದ್ದಳು.

ಅಕ್ಕನ ಮಗಳ ಫೋನು. ದೂರದ ಊರಲ್ಲಿ ಕಾಲೇಜು ಪಾಠ ಹೇಳುತ್ತಾಳೆ. ನನಗೂ ಪಾಠ ಹೇಳಿದಳು. "ಮಾಮ, ಹೋದ ತಿಂಗಳು ಅಮ್ಮ ಒಂದು ಡೇಟ್ ಮಿಸ್ ಮಾಡಿದಾರೆ. ಆ ಕಾಗದದ ರಾಶೀಲಿ ನಂಗೇ ತಲೆ ಕೆಡುತ್ತೆ, ಅವ್ರಿಗೆ ಕೆಡದೇ ಇರುತ್ತಾ? ಎಲ್ಲ ಸ್ಕ್ಯಾನ್ ಮಾಡಿಸಿ. ಹೆಸರು ಟೈಪ್ ಮಾಡಿದ್ರೆ ಫೈಲ್ ಬರ್ಬೇಕು. ಇಲ್ಲಾಂದ್ರೆ ಆಫೀಸ್ ಮುಚ್ಚಿ ನನ್ನ ಜೊತೆ ಬಂದ್ಬಿಡ್ಲಿ."

ಅಕ್ಕ ಪಕ್ಕದಲ್ಲೇ ಇದ್ದಳು. ಫೋನ್ ಇಟ್ಟ ಮೇಲೆ ಅಂದಳು, "ಈ ಮೇಜು ಬಿಟ್ಟು ಎದ್ದ ದಿನ ನಾನು ಮುಗ್ದೆ ಅಂತ ತಿಳ್ಕೋ."

ಅಂದರೆ ಸ್ಕ್ಯಾನರ್ ತರಬೇಕು.


ಜೂನ್ 8, ಶನಿವಾರ

ಅಂಗಡಿಗೆ ಇಬ್ಬರೂ ಹೋದೆವು. ಅಂಗಡಿಯವನು ಬಾಯಿ ತೆಗೆದರೆ ಮುಚ್ಚುವ ಜಾತಿಯಲ್ಲ. ನನಗೆ ಸರಿಜೋಡಿ.

ಮೂರು ಥರ ತೋರಿಸಿದ.

ಮೊದಲನೆಯದು ಚಪ್ಪಟೆ. ಮುಚ್ಚಳ ಎತ್ತಬೇಕು, ಗಾಜಿನ ಮೇಲೆ ಹಾಳೆ ಮಲಗಿಸಬೇಕು, ಮುಚ್ಚಬೇಕು, ಬೆಳಕು ಹಾಯುತ್ತೆ, ಮತ್ತೆ ಎತ್ತಬೇಕು. ಒಂದೊಂದೇ ಹಾಳೆ. ಹೆಣದ ಪೆಟ್ಟಿಗೆ ಇದ್ದ ಹಾಗಿದೆ ಅಂದೆ. ಅಂಗಡಿಯವನು ನಕ್ಕ, ಅಕ್ಕ ನಗಲಿಲ್ಲ.

ಎರಡನೆಯದು ಟೇಬಲ್ ಲ್ಯಾಂಪ್ ಥರ, ಕತ್ತು ಬಗ್ಗಿಸಿ ಮೇಲಿಂದ ಫೋಟೋ ಹೊಡೆಯುತ್ತೆ. ಪರೀಕ್ಷೆ ಹಾಲ್‌ನಲ್ಲಿ ಕಾಪಿ ಹೊಡೆಯೋ ಹುಡುಗನ ಭಂಗಿ. ನನ್ನ ಕೈ ನಡುಗಿದರೆ ಅಕ್ಷರವೂ ನಡುಗಿತು. ಬೇಡ.

ಮೂರನೆಯದು ಫೀಡರ್. ಮೇಲೆ ಒಂದು ಹಿಡಿ ಕಾಗದ ನಿಲ್ಲಿಸಿದರೆ ಆಡು ಸೊಪ್ಪು ತಿಂದ ಹಾಗೆ ತಿನ್ನುತ್ತೆ. ಎರಡೂ ಬದಿ ಒಂದೇ ಸಲ. ಕಲೆ ಇದ್ದರೆ ಅಳಿಸುತ್ತೆ, ಹಳದಿ ಆಗಿದ್ದರೆ ಬೆಳ್ಳಗೆ ಮಾಡುತ್ತೆ. ಅವನು ಬೇಕಂತಲೇ ಕೆಲವು ಹಾಳೆ ತಲೆಕೆಳಗು ಸೇರಿಸಿದ. "ನೋಡ್ತಾ ಇರಿ" ಅಂದ. ಸ್ಕ್ರೀನ್ ಮೇಲೆ ಎಲ್ಲ ನೆಟ್ಟಗೆ ನಿಂತವು, ಸ್ಕೂಲ್ ಪ್ರಾರ್ಥನೆ ಥರ.

"ಉಲ್ಟಾ ಹಾಕಿದ್ರೂ ಅದೇ ನೆಟ್ಟಗೆ ಮಾಡ್ಕೊಳುತ್ತೆ ಸರ್."

"ಮನುಷ್ಯರಿಗೆ ಇಂಥದ್ದು ಬಂದಿದ್ಯಾ? ನಮ್ಮ ಲಾರಿ ಡ್ರೈವರ್‌ನ ಕರ್ಕೊಂಡ್ ಬರ್ತೀನಿ."

ಅಕ್ಕ ಮಾತ್ರ ಚಪ್ಪಟೆಯದರ ಮುಂದೆಯೇ ನಿಂತಿದ್ದಳು. ಮುಚ್ಚಳ ಎತ್ತಿ ಇಳಿಸಿ ನೋಡುತ್ತಿದ್ದಳು.

"ಇದರಲ್ಲಿ ಇಟ್ಟ ಹಾಗೇ ಬರುತ್ತಾ?"

"ಇಟ್ಟ ಹಾಗೇ ಬರುತ್ತೆ ಮೇಡಂ. ಅದೇ ಅದರ ತೊಂದ್ರೆ."

"ಹಾಗಿದ್ರೆ ಇದೇ ಇರ್ಲಿ."

ನಾನು ತಲೆ ಹಾಕಿದೆ. "ಅಕ್ಕ, ಒಂದೊಂದೇ ಹಾಳೆ ಮಲಗಿಸಿ ಎಬ್ಬಿಸಿ ಮಾಡ್ತಾ ಕೂತ್ರೆ ನನ್ನ ಸೊಂಟದ ಜೊತೆ ಕತ್ತೂ ಹೋಗುತ್ತೆ. ಯಾಕೆ ಅದೇ ಬೇಕು, ಹೇಳು."

ಬಾಯಿ ತೆರೆದಳು. ಏನೋ ಹೇಳುವವಳಿದ್ದಳು. ಸಿಕ್ಕಲಿಲ್ಲ. ಕೋರ್ಟಿನಲ್ಲಿ ಎಂಥೆಂಥವರ ಬಾಯಿ ಮುಚ್ಚಿಸಿದವಳು, ಅಂಗಡಿಯಲ್ಲಿ ಮಾತು ಹುಡುಕುತ್ತಾ ನಿಂತಳು. ನನಗೆ ತಡೆಯಲಾಗಲಿಲ್ಲ. "ಸರಿ ಬಿಡು, ಆಡೇ ತಗೊಳ್ಳೋಣ" ಅಂದೆ. "ನೀನು ಹೇಳಿದ್ಮೇಲೆ ಆಯ್ತು" ಅಂದಳು.

ಫೀಡರ್ ಬುಕ್ ಮಾಡಿ ಬಂದೆವು.


ಜೂನ್ 14, ಶುಕ್ರವಾರ

ಆಡು ಬಂತು. ಅಕ್ಕನ ಜೂನಿಯರ್ ವಕೀಲ ಬಂದು ಕಂಪ್ಯೂಟರಿಗೆ ಸೇರಿಸಿಕೊಟ್ಟ. ಒಳ್ಳೆಯವನು, ಟೈ ಬಿಗಿದು ಬಿಗಿದು ಮುಖ ಸದಾ ಕೆಂಪು. ಮೂರು ಕೋರ್ಟಿಗೆ ಓಡುವವನು, ಕೂರಲು ಪುರುಸೊತ್ತಿಲ್ಲ. "ನೀವು ಮಾಡ್ತೀರಲ್ಲ ಅಣ್ಣ?" ಅಂದ.

ಶಾಲೆಗೆ ನಾನು ಹೋದದ್ದಕ್ಕಿಂತ ಓಡಿ ಬಂದದ್ದೇ ಜಾಸ್ತಿ. ಆದರೆ ಹಾಳೆ ಹಾಕೋಕೆ ಡಿಗ್ರಿ ಬೇಡ. ಮಾಡ್ತೀನಿ ಅಂದೆ.


ಜೂನ್ 24, ಸೋಮವಾರ, ಮಧ್ಯಾಹ್ನ

ಗೋಡೆ ಬದಿ ಮುಗಿಯಿತು. ಈಗ ಕಿಟಕಿ ಬದಿ.

ಒಂದು ಗಮನಿಸಿದೆ. ಪ್ರತಿ ಕಟ್ಟಿನಲ್ಲೂ ಅರ್ಧದಷ್ಟು ಹಾಳೆ ತಲೆಕೆಳಗು. ಒಂದೇ ಒಂದು ಕಟ್ಟೂ ಬಿಟ್ಟಿಲ್ಲ. ಮರೆವಿನದೇ ಕೆಲಸ. ಯಾವಾಗಿಂದ ಹೀಗೆ ಆಗಿದೆಯೋ, ಯಾರಿಗೂ ಹೇಳದೆ ಒಬ್ಬಳೇ ಒದ್ದಾಡಿದ್ದಾಳೆ. ಅವಳಿಗೆ ಹೇಳಿ ಯಾಕೆ ನೋಯಿಸಲಿ. ಯಂತ್ರ ತಾನೇ ನೆಟ್ಟಗೆ ಮಾಡುತ್ತೆ. ಆದರೂ ವಾಪಸ್ ಕಟ್ಟುವಾಗ ನಾನೂ ಒಂದೊಂದೇ ತಿರುಗಿಸಿ, ಮೂಲೆಗೆ ಮೂಲೆ ಕೂಡಿಸಿ ಕಟ್ಟಿದೆ. ಗಾಜಿನ ಸಾಮಾನು ಪ್ಯಾಕ್ ಮಾಡಿದಷ್ಟು ಜೋಪಾನ.

ಅಕ್ಕ ಬಾಗಿಲಲ್ಲಿ ನಿಂತು ನೋಡಿದಳು. "ಆಡು ಚೆನ್ನಾಗ್ ತಿಂತಿದ್ಯಾ?"

"ತಿಂತಿದೆ. ಹಿಕ್ಕೆ ಹಾಕ್ತಿಲ್ಲ, ಅಷ್ಟೇ."

ನಕ್ಕಳು. ಒಂದು ಹಾಳೆ ಕೈಗೆತ್ತಿಕೊಂಡಳು, ತಿರುಗಿಸಿದಳು, ಮತ್ತೆ ತಿರುಗಿಸಿದಳು. ಇಟ್ಟು ಹೋದಳು.


ಜುಲೈ 6, ಶನಿವಾರ

ಆಯಿತು. ಕೇಸಿನವರನ್ನೆಲ್ಲ ಕರೆಸಿ ಅವರವರ ಕಟ್ಟು ಅವರವರಿಗೆ ಕೊಟ್ಟೆವು, ಮನೆಯಲ್ಲಿ ಜೋಪಾನವಾಗಿಟ್ಟುಕೊಳ್ಳಿ ಅಂತ. ಉಳಿದದ್ದು ರದ್ದಿ. ನೆಲ ತೊಳೆದೆ. ಕೋಣೆಯಲ್ಲಿ ಮಾತಾಡಿದರೆ ಧ್ವನಿ ತಿರುಗಿ ಬರುತ್ತೆ. ಮನೆ ಖಾಲಿ ಮಾಡಿಕೊಟ್ಟಾಗ ಬರುತ್ತಲ್ಲ, ಅದೇ ಸದ್ದು.

ಅಕ್ಕನ ಮಗಳಿಗೆ ಫೋಟೋ ಕಳಿಸಿದೆ. ಚಪ್ಪಾಳೆ ಕಳಿಸಿದಳು.

ಅಕ್ಕ ಮೇಜಿನ ಮುಂದೆ ಕೂತಳು. ಎದುರಿಗೆ ಕಂಪ್ಯೂಟರ್. ಸರ್ಚ್ ಡಬ್ಬ ಮಿಣಮಿಣ ಮಿನುಗುತ್ತಿತ್ತು.

"ಏನ್ ಹಾಕ್ಲಿ?"

"ಹೆಸರು ಹಾಕು ಅಕ್ಕ."

"ಯಾರ ಹೆಸರು?"

"ನಿಂಗೆ ಯಾರ ಫೈಲ್ ಬೇಕೋ ಅವರದ್ದು."

ಕೈ ಕಿಟಕಿ ಕಡೆ ಹೋಯಿತು. ಕಿಟಕಿ ಕಟ್ಟೆ ಮೇಲೆ ಏನೂ ಇಲ್ಲ. ಕೈ ಅಲ್ಲೇ ಸ್ವಲ್ಪ ಹೊತ್ತು ಇತ್ತು.

"ಇರ್ಲಿ, ನಾಳೆ ನೋಡೋಣ" ಅಂದಳು.


ಜುಲೈ 9, ಮಂಗಳವಾರ

ಹೆಸರು ಹಾಕಿದರೆ ಫೈಲು ಬರುತ್ತೆ. ಅಕ್ಕನಿಗೆ ಹೋಗಿರುವುದೇ ಹೆಸರು. ಇದು ನಮ್ಮ ಮೂರು ಜನರ ತಲೆಗೂ ಹೊಳೆಯಲಿಲ್ಲ. ಒಬ್ಬಳು ಕಾಲೇಜು ಪಾಠದವಳು, ಒಬ್ಬ ಟೈ, ಒಬ್ಬ ನಾನು. ನನ್ನನ್ನು ಲೆಕ್ಕಕ್ಕೆ ಹಿಡಿಯದಿದ್ದರೂ ಇಬ್ಬರು.

ಮ್ಯಾನೇಜ್ ಮಾಡಿದೆ. ಬೆಳಗ್ಗೆ ನಾನೇ ಹೆಸರು ಟೈಪ್ ಮಾಡಿ ಆ ದಿನದ ಫೈಲು ತೆಗೆದಿಡುತ್ತೇನೆ. ಒಂದು ಬೆರಳಲ್ಲಿ, ಕೋಳಿ ಕಾಳು ಕುಕ್ಕಿದ ಹಾಗೆ. ಅಕ್ಕ ಓದುತ್ತಾಳೆ. ಓದೋದು ಏನೂ ಹೋಗಿಲ್ಲ. ಓದಿದರೆ ಕಾನೂನು ತಾನಾಗಿ ಬರುತ್ತೆ.

ಹೀಗೇ ನಡೆದರೆ ಸಾಕು.


ಜುಲೈ 18, ಗುರುವಾರ, ಸಂಜೆ

ಬರೆಯೋಕೆ ಮನಸ್ಸಿಲ್ಲ. ಬರೆಯದಿದ್ದರೆ ಎದೆಯಲ್ಲೇ ಕೂತಿರುತ್ತೆ.

ಬಡಗಿ ಕೇಸು ಇವತ್ತು. ಸ್ಕ್ಯಾನ್ ಮಾಡಿದ ಫೈಲೆಲ್ಲ ತುಂಬಿದ ಟ್ಯಾಬ್ಲೆಟ್ ಹಿಡಿದು ನಾನೂ ಜೊತೆಗೆ ಹೋದೆ. ಜೂನಿಯರ್ ಇನ್ನೊಂದು ಕೋರ್ಟಿನಲ್ಲಿದ್ದ, ಬಂದು ಸೇರುತ್ತೇನೆ ಅಂದಿದ್ದ. ಕೇಸು ಕೂಗಿದರು. ಬಡಗಿ ಹೆಸರು ಹೊಡೆದು ಫೈಲು ತೆಗೆದು ಅಕ್ಕನ ಕೈಗೆ ಕೊಟ್ಟೆ. ಕಪ್ಪು ಕೋಟಿನಲ್ಲಿ ಅಕ್ಕ ಎದ್ದು ನಿಂತರೆ ಇವತ್ತಿಗೂ ಹಾಲ್ ಸುಮ್ಮನಾಗುತ್ತೆ. ನಾನು ಹಿಂದಿನ ಬೆಂಚಿನಲ್ಲಿ ಬಡಗಿ ಪಕ್ಕ.

ಮೊದಲ ಎರಡು ಹಾಳೆ ಓದಿದಳು. ತಲೆ ಎತ್ತಿದಳು. ಶುರು ಮಾಡಿದಳು.

ಎಂಥಾ ಮಾತು. ಒಂದು ತೊದಲಿಲ್ಲ, ಒಂದು ತಡವರಿಕೆ ಇಲ್ಲ. ಕೋರ್ಟಿನ ಮಾತು ನನಗೆ ಅರ್ಧಂಬರ್ಧ ಅರ್ಥ. ಬಡಗಿಯ ತೊಡೆ ತಟ್ಟಿ, "ನೋಡು, ಹೇಗೆ ಗುದ್ತಿದಾಳೆ" ಅಂದೆ.

ಅವನು, "ಅಣ್ಣ, ಮೇಡಂ ಏನೋ ಪ್ಲಾನ್ ಮಾಡಿದಾರೆ ಅಲ್ವಾ?" ಅಂದ.

"ಯಾಕೆ?"

"ನಾನು ಬಾಡಿಗೆದಾರನೇ ಅಲ್ಲ ಅಂತಿದಾರೆ. ಸುಮ್ನೆ ಬಂದು ಕೂತಿರೋನು ಅಂತಿದಾರೆ."

ಎದುರು ಪಾರ್ಟಿ ವಕೀಲ ತನ್ನ ಕಾಗದಗಳನ್ನು ಮೆಲ್ಲಗೆ ಕೆಳಗಿಟ್ಟು ಕೈ ಕಟ್ಟಿಕೊಂಡು ಕೂತ. ಅವನ ಕೆಲಸವನ್ನು ಅವನಿಗಿಂತ ಚೆನ್ನಾಗಿ ಅಕ್ಕ ಮಾಡುತ್ತಿದ್ದಳು. ವರ್ಕ್‌ಶಾಪ್ ಯಾಕೆ ಖಾಲಿ ಮಾಡಿಸಬೇಕು, ಎಷ್ಟು ಬೇಗ ಮಾಡಿಸಬೇಕು, ಒಂದೊಂದೇ ಮೊಳೆ ಹೊಡೆದ ಹಾಗೆ. ನಾನು ಏಳಬೇಕು ಅಂದುಕೊಂಡೆ. ಸೊಂಟವೋ, ಹೆದರಿಕೆಯೋ, ಏಳಲಾಗಲಿಲ್ಲ.

ಜಡ್ಜು ಕನ್ನಡಕ ತೆಗೆದರು. ಬಹಳ ಮೆತ್ತಗೆ ಕೇಳಿದರು, "ಮೇಡಂ, ತಾವು ಯಾರ ಪರ?"

ಅಕ್ಕ ಟ್ಯಾಬ್ಲೆಟ್ ನೋಡಿದಳು. "ಮಾಲೀಕರ ಪರ."

ಯಾರೋ ಹಿಂದೆ ಕಿಸಕ್ ಅಂದರು. ಅಕ್ಕ ತಿರುಗಿದಳು. ಬಡಗಿಯನ್ನು ನೋಡಿದಳು. ಅವನು ಎದ್ದು ನಿಂತು ಕೈ ಮುಗಿದಿದ್ದ, ಯಾಕೆ ಅಂತ ಅವನಿಗೂ ಗೊತ್ತಿಲ್ಲ. ಆಗ ಅವಳಿಗೆ ಗೊತ್ತಾಯಿತು. ಗೊತ್ತಾದದ್ದು ನನಗೆ ಕಂಡಿತು. ಅದೊಂದು ಕಾಣಬಾರದಿತ್ತು.

ಅಷ್ಟರಲ್ಲಿ ಜೂನಿಯರ್ ಓಡಿ ಬಂದು ಏನೇನೋ ಬೇಡಿಕೊಂಡು ಇನ್ನೊಂದು ದಿನ ಕೇಳಿದ. ಆಡಿದ ಮಾತು ಆಗಲೇ ಟೈಪ್ ಆಗಿತ್ತು.


ಜುಲೈ 19, ಶುಕ್ರವಾರ

ಜೂನಿಯರ್ ಬಂದ. ಟೈ ಇರಲಿಲ್ಲ. ಫೈಲ್ ತೆಗೆದು ನೋಡಿದ. ಮೊದಲು ಬರೋದೇ ಮಾಲೀಕನ ಅರ್ಜಿ.

"ಇದು ಎದುರು ಪಾರ್ಟಿ ಕಾಗದ ಅಣ್ಣ. ಇದು ಉಲ್ಟಾ ಇರ್ಬೇಕಿತ್ತಲ್ಲ?"

"ಉಲ್ಟಾ ಅಂದ್ರೆ?"

"ಮೇಡಂ ಮೊದಲಿಂದ್ಲೂ ಎದುರು ಪಾರ್ಟಿಯವರ ಹಾಳೆ ಎಲ್ಲ ತಲೆಕೆಳಗು ಹಾಕಿ ಕಟ್ತಿದ್ರು. ಕೈಗೆ ಬಂದ ತಕ್ಷಣ ಅಕ್ಷರ ಉಲ್ಟಾ ಕಂಡ್ರೆ ನಮ್ದಲ್ಲ ಅಂತ. ನಂಗೆ ಮೊದಲನೇ ದಿನ ಕಲಿಸಿದ್ದೇ ಅದು. ನಿಮ್ಗೆ ಗೊತ್ತಿರ್ಲಿಲ್ವಾ?"

ಗೊತ್ತಿರಲಿಲ್ಲ. ಅವಳ ಆಫೀಸಿನ ವಿಷಯ ನಾನು ಯಾವತ್ತು ಕೇಳಿದೆ? ಊಟಕ್ಕೆ ಬರೋದು, ನಗಿಸೋದು, ಹೋಗೋದು. ಹೆಸರು ಹೋಗಿತ್ತು, ಮುಖ ಹೋಗುತ್ತಿತ್ತು. ತನ್ನವರು ಯಾರು, ಎದುರಿನವರು ಯಾರು ಅನ್ನೋದು ಮಾತ್ರ ಕಾಗದದಲ್ಲಿ ಉಳಿದಿತ್ತು. ಅದನ್ನು ನಾನು ನೆಟ್ಟಗೆ ಮಾಡಿದೆ. ಮೂಲೆಗೆ ಮೂಲೆ ಕೂಡಿಸಿ.

ಅಂಗಡಿಯಲ್ಲಿ ಅವಳು ಕೇಳಿದ್ದು ಅದೇ. ಇಟ್ಟ ಹಾಗೇ ಬರುತ್ತಾ ಅಂತ.


ಆಗಸ್ಟ್ 2, ಶುಕ್ರವಾರ

ಚಪ್ಪಟೆ ಸ್ಕ್ಯಾನರ್ ತಂದೆ. ಅಂಗಡಿಯವನು "ಆಡು ಏನಾಯ್ತು ಸರ್?" ಅಂದ. ಹೊಟ್ಟೆ ಕೆಟ್ಟಿದೆ ಅಂದೆ.

ಕೇಸಿನವರ ಮನೆಮನೆಗೆ ಹೋಗಿ ಕಟ್ಟು ವಾಪಸ್ ಕೇಳಿದೆ. ಕೆಲವರು ಕೊಟ್ಟರು. ಕೆಲವರು ಬಾಗಿಲಲ್ಲೇ, "ಬೇರೆ ವಕೀಲರನ್ನ ಮಾಡ್ಕೊಂಡಿದೀವಿ, ಬೇಜಾರ್ ಮಾಡ್ಕೋಬೇಡಿ" ಅಂದರು. ಸುದ್ದಿಗೆ ಲಾರಿ ಬೇಡ, ನಡೆದೇ ಊರು ಸುತ್ತುತ್ತೆ.

ಜೂನಿಯರ್ ಗುರುತು ಹಾಕಿಕೊಟ್ಟ ಹಾಳೆ ಎಲ್ಲ ತಲೆಕೆಳಗು ಮಲಗಿಸುತ್ತೇನೆ. ಮುಚ್ಚಳ, ಬೆಳಕು, ಮುಚ್ಚಳ. ಅಕ್ಕನಿಗೆ ಸ್ಕ್ರೀನ್ ತೋರಿಸಿದೆ. "ನೋಡಕ್ಕ, ಇಟ್ಟ ಹಾಗೇ ಬಂತು. ಉಲ್ಟಾ ಇರೋದು ಎದುರು ಪಾರ್ಟಿ."

ಅಕ್ಕ ತಲೆ ವಾಲಿಸಿ ಓದಲು ನೋಡಿದಳು. "ಯಾರೋ ಇದನ್ನ ತಪ್ಪಾಗಿ ಹಾಕಿದಾರೆ" ಅಂದಳು. "ಸರಿ ಮಾಡು."


ಆಗಸ್ಟ್ 21, ಬುಧವಾರ

ಇಷ್ಟು ದಿನ ಬರೆದಿಲ್ಲ.

ಬಡಗಿ ರಾಜಿ ಮಾಡಿಕೊಂಡ. ಖಾಲಿ ಮಾಡುತ್ತಾನೆ. "ನಿಮ್ಮ ವಕೀಲರೇ ಒಪ್ಪಿದಾರಲ್ಲ" ಅಂತ ಎದುರಿನವರು ಅದನ್ನೇ ಹಿಡಿದು ಕೂತರಂತೆ. ಜೂನಿಯರ್ ಮೇಲಿನ ಕೋರ್ಟಿಗೆ ಹೋಗೋಣ ಅಂದ. ಬಡಗಿ ಬೇಡ ಅಂದ. "ಅಲ್ಲಿ ಹೋಗಿ ಮೇಡಂಗೆ ಹುಚ್ಚು ಅಂತ ಬರ್ಕೊಡ್ಬೇಕಂತೆ ಅಣ್ಣ. ನಾನು ಬರೆಯಲ್ಲ."

ನಮ್ಮ ಲಾರಿ ಕಳಿಸಿದೆ. ನಾನೂ ಹೋದೆ, ಬೆಲ್ಟು ಕಟ್ಟಿಕೊಂಡು. ಅವನಪ್ಪನ ಕಾಲದ ಬೆಂಚು ಬಾಗಿಲಲ್ಲಿ ಹಿಡಿಸಲಿಲ್ಲ. ಆ ಬೆಂಚು ಒಳಗಿಟ್ಟ ಮೇಲೆ ಸುತ್ತ ಗೋಡೆ ಕಟ್ಟಿದ್ದಂತೆ. ಅವನೇ ಗರಗಸ ತಂದು ಎರಡು ಮಾಡಿದ. ಲಾರಿ ಹುಡುಗರು ನನ್ನ ಮುಖ ನೋಡಿದರು, ಒಂದಾದರೂ ಜೋಕು ಬರುತ್ತೆ ಅಂತ. ನಾನು ಒಂದು ತುಂಡಿಗೆ ಕೈ ಹಾಕಿದೆ.


ಆಗಸ್ಟ್ 22, ಗುರುವಾರ, ಬೆಳಗ್ಗೆ

ಅಕ್ಕ ಬೇಗ ಎದ್ದು ಕೋಟು ಹಾಕಿಕೊಂಡು ಕೂತಿದ್ದಳು. ಕಣ್ಣು ತಿಳಿಯಾಗಿತ್ತು. ಹಿಂದಿನ ಅಕ್ಕ.

"ಜೂನಿಯರ್‌ನ ಕರಿ. ಡಾಕ್ಟರನ್ನೂ ಕರಿ. ಇವತ್ತು ತಲೆ ನೆಟ್ಟಗಿದೆ. ನಾಳೆ ಇರುತ್ತೋ ಇಲ್ವೋ."

ಬಂದರು. ಹೇಳುತ್ತಾ ಹೋದಳು, ಜೂನಿಯರ್ ಬರೆದ. ಉಳಿದ ಕೇಸೆಲ್ಲ ಅವನಿಗೆ. ಆಫೀಸು ಬಂದ್. ಇನ್ನು ಮುಂದೆ ತನ್ನ ಮನೆ, ತನ್ನ ಔಷಧಿ, ತನ್ನನ್ನು ಎಲ್ಲಿ ಇಡಬೇಕು, ಎಲ್ಲದರ ತೀರ್ಮಾನ ನನ್ನದು. ನನ್ನ ಹೆಸರು ಪೂರ್ತಿ ಹೇಳಿದಳು, ಅಪ್ಪನ ಹೆಸರು ಸೇರಿಸಿ. ಒಂದಕ್ಷರ ತಪ್ಪಲಿಲ್ಲ.

ಫೋನಿನಲ್ಲಿ ಮಗಳು ಅತ್ತಳು. "ನಾನಿಲ್ವಾ ಅಮ್ಮ?"

"ನಿಂಗೆ ಕೆಲಸ ಇದೆ. ಇವನಿಗೆ ಯಾವತ್ತು ಇತ್ತು?"

"ಅಕ್ಕ, ನಿನ್ನ ಈ ಗತಿಗೆ ತಂದಿದ್ದೇ ನಾನು" ಅಂದೆ. ಎಲ್ಲರ ಮುಂದೆ. ಆ ಹಾಳೆ ತಿರುಗಿಸಿದ್ದು, ಅಂಗಡಿಯಲ್ಲಿ ಅವಳ ಮಾತು ತಳ್ಳಿಹಾಕಿದ್ದು, ಎಲ್ಲ ಹೇಳಿದೆ.

ಪೂರ್ತಿ ಕೇಳಿದಳು. "ಕಾಯಿಲೆ ತಂದಿದ್ದು ಕಣೋ. ನೀನು ಬಾಗಿಲು ತೆಗ್ದೆ ಅಷ್ಟೇ" ಅಂದಳು. ಇಲ್ಲ ಅನ್ನಲಿಲ್ಲ. ವಕೀಲೆ, ಸುಳ್ಳು ಹೇಳಿ ಸಮಾಧಾನ ಮಾಡೋದು ಬರಲ್ಲ.

ಸಹಿ ಹಾಕಿದಳು. ಡಾಕ್ಟರು ಹಾಕಿದರು. ಮೇಜಿನಿಂದ ಎದ್ದಳು, ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟಳು.


ಆಗಸ್ಟ್ 23, ಶುಕ್ರವಾರ

ಬೆಳಗ್ಗೆ ಎಣ್ಣೆ ಹಚ್ಚಿಕೊಂಡು ಬಂದು ನೋಡಿದರೆ ಅಕ್ಕ ಮೇಜಿನ ಮುಂದೆ. ನಿನ್ನೆಯ ಕಾಗದ ಕೈಯಲ್ಲಿದೆ. ಗೆರೆಗೆರೆಗೂ ಬೆರಳಿಟ್ಟು ಓದುತ್ತಿದ್ದಾಳೆ. ಮುಖದಲ್ಲಿ ಗಾಬರಿ.

"ಕೂತ್ಕೊಳ್ಳಿ" ಅಂದಳು. ಕೂತೆ.

"ಈ ಕಾಗದ ಬರ್ಕೊಟ್ಟಿರೋ ಹೆಂಗಸು ಎಲ್ಲಾನೂ ಒಬ್ಬನ ಕೈಗೆ ಕೊಟ್ಬಿಟ್ಟಿದಾಳೆ. ಮನೆ, ಜೀವ, ಎಲ್ಲ." ನನ್ನ ಹೆಸರಿನ ಮೇಲೆ ಬೆರಳಿಟ್ಟಳು. "ಯಾರಿವನು? ನಿಮ್ಗೆ ಗೊತ್ತಾ?"

"ಗೊತ್ತು" ಅಂದೆ.

"ನಂಬೋ ಅಂಥವನಾ?"

ನಾನು ಆ ಕಾಗದ ಅವಳ ಕೈಯಿಂದ ತೆಗೆದುಕೊಂಡು, ತಲೆಕೆಳಗು ಮಾಡಿ ಅವಳ ಮುಂದಿಟ್ಟೆ.